ನೆಟ್ ಇಲ್ಲದ ನಾಲ್ಕು ದಿನ, ನಾಲ್ಕು ಗೇಮ್ ಅಂಗಡಿ

ಕಳೆದ ತಿಂಗಳು ನಮ್ಮ ಮನೆಯಲ್ಲಿ ನಾಲ್ಕು ದಿನ ನೆಟ್ ಇರಲಿಲ್ಲ. ಕೇಬಲ್ ಎಲ್ಲೋ ಕಡಿದಿತ್ತು, ಸರಿ ಮಾಡುವವರು ಬರುವುದು ತಡವಾಯಿತು. ನನಗೆ ರಜೆ ಬೇರೆ. ಕಂಪ್ಯೂಟರಿನಲ್ಲಿ ಅರ್ಧಕ್ಕೆ ಬಿಟ್ಟ ಗೇಮ್‌ಗಳು ಬೇಕಾದಷ್ಟಿವೆ, ಅವನ್ನೇ ಮುಗಿಸೋಣ ಅಂತ ಕೂತೆ. ಮೊದಲು ತೆರೆದದ್ದು ಒಬ್ಬರೇ ಆಡುವ ಕತೆಯ ಗೇಮ್. ಬೇರೆಯವರ ಜೊತೆ ಆಡುವ ಭಾಗವೇ ಅದರಲ್ಲಿಲ್ಲ. ಪೂರ್ತಿ ದುಡ್ಡು ಕೊಟ್ಟು ತೆಗೆದುಕೊಂಡಿದ್ದೆ, 60 ಜಿಬಿಗಿಂತ ಜಾಸ್ತಿ ಜಾಗ ಹಿಡಿದುಕೊಂಡು ನನ್ನ ಡಿಸ್ಕ್‌ನಲ್ಲೇ ಕೂತಿದೆ. ಒಂದು ಲಾಂಚರ್, ಅಂದರೆ ಗೇಮ್ ಶುರು ಮಾಡಿಕೊಡುವ ಸಾಫ್ಟ್‌ವೇರ್, ತೆರೆಯಿತು, ಅದರೊಳಗಿಂದ ಇನ್ನೊಂದು ಲಾಂಚರ್ ತೆರೆಯಿತು, ಅದು ಐದು ನಿಮಿಷ ಸುತ್ತಿ ಸುತ್ತಿ ಕೊನೆಗೆ ಸರ್ವರ್ ಸಿಗುತ್ತಿಲ್ಲ, ಆಮೇಲೆ ನೋಡಿ ಅಂದುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ತಮ್ಮ ಕೇಳಿದ: "ಅಕ್ಕಾ, ದುಡ್ಡು ಕೊಟ್ಟಾಗಿದೆ ಅಲ್ವಾ? ಮತ್ತೆ ಇದು ಇನ್ನೂ ಯಾರನ್ನ ಕೇಳ್ತಾ ಇದೆ?"

ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಆ ಕಂಪನಿಯ ಹೆಸರು ಇಲ್ಲಿ ಬೇಡ, ಅವರೊಬ್ಬರೇ ಹೀಗೆ ಮಾಡುತ್ತಿಲ್ಲ. ಅದರ ಬದಲು ಇನ್ನೊಂದು ಕೆಲಸ ಮಾಡಿದೆ. ಸ್ಟೀಮ್, ಗಾಗ್, ಎಪಿಕ್, ಇಚ್ ಅನ್ನುವ ನಾಲ್ಕೂ ಆನ್‌ಲೈನ್ ಗೇಮ್ ಅಂಗಡಿಗಳಲ್ಲಿ ನನ್ನ ಗೇಮ್‌ಗಳಿವೆ. ಒಂದೊಂದರಿಂದ ಕೆಲವನ್ನು ಆರಿಸಿ, ನೆಟ್ ಇಲ್ಲದೆ ಓಡುತ್ತದಾ ಅಂತ ನೋಡಿದೆ. ಆಮೇಲೆ ಫೋಲ್ಡರನ್ನೇ ಎತ್ತಿ, ಯಾವ ಅಕೌಂಟೂ ಇಲ್ಲದ ಹಳೇ ಲ್ಯಾಪ್‌ಟಾಪ್‌ಗೆ ಹಾಕಿದೆ. ಅಲ್ಲೂ ಓಡುತ್ತದಾ? ಬೆಲೆ, ಸೇಲ್, ಪುಟ ಎಷ್ಟು ಚೆನ್ನಾಗಿದೆ ಅನ್ನುವುದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಗೊತ್ತಾಗಬೇಕಿದ್ದದ್ದು ಒಂದೇ. ಅಂಗಡಿಯವರು ಬಾಗಿಲು ಹಾಕಿಕೊಂಡು ಹೋದರೆ ನಾನು ದುಡ್ಡು ಕೊಟ್ಟ ಗೇಮ್ ನನ್ನ ಹತ್ತಿರ ಉಳಿಯುತ್ತದಾ?

ಸ್ಟೀಮ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಹೆಚ್ಚಿನವರ ಗೇಮ್‌ಗಳು ಇರುವುದು ಅಲ್ಲೇ. ವಾಲ್ವ್ ಕಂಪನಿ ಇದನ್ನು 2003ರ ಸೆಪ್ಟೆಂಬರಿನಲ್ಲಿ ಶುರು ಮಾಡಿತು. 2004ರಲ್ಲಿ ಹಾಫ್ ಲೈಫ್ 2 ಬಂದಾಗ ಅಂಗಡಿಯಿಂದ ಡಿಸ್ಕ್ ತಂದವರೂ ಸ್ಟೀಮ್ ಹಾಕಿಕೊಂಡು, ನೆಟ್‌ನಲ್ಲಿ ಒಮ್ಮೆ ಒಪ್ಪಿಗೆ ಪಡೆದೇ ಆಡಬೇಕಾಯಿತು. ಆಗ ಜನ ತುಂಬಾ ಸಿಟ್ಟಾಗಿದ್ದರು. ಇವತ್ತು ಅದೇ ಜನ, ನಾನೂ ಸೇರಿ, ಅದನ್ನು ಬಿಟ್ಟು ಬೇರೆ ಕಡೆ ಹೋಗಲು ಹಿಂದೆಮುಂದೆ ನೋಡುತ್ತೇವೆ. ಕಾರಣ ಸುಲಭ, ಅದು ಚೆನ್ನಾಗಿದೆ. ಡೌನ್‌ಲೋಡ್ ವೇಗ ಸಿಗುತ್ತದೆ. ಸೇವ್ ಫೈಲ್‌ಗಳು ಕ್ಲೌಡ್‌ನಲ್ಲಿ ಉಳಿಯುತ್ತವೆ. ಆಡುವವರೇ ಮಾಡಿದ ಮಾರ್ಪಾಡು, ಅಂದರೆ ಮಾಡ್, ಹಾಕಬೇಕಾದರೆ ಅದರ ವರ್ಕ್‌ಶಾಪ್‌ನಲ್ಲಿ ಒಂದು ಕ್ಲಿಕ್ ಸಾಕು. ಲಿನಕ್ಸ್ ಬಳಸುವವರಿಗಂತೂ 2018ರಲ್ಲಿ ಪ್ರೋಟಾನ್ ಬಂದದ್ದು ದೊಡ್ಡ ಉಪಕಾರ, ವಿಂಡೋಸ್‌ಗೆ ಮಾಡಿದ ಎಷ್ಟೋ ಗೇಮ್‌ಗಳು ಯಾವ ಕಸರತ್ತೂ ಇಲ್ಲದೆ ಓಡತೊಡಗಿದವು, ಕೈಯಲ್ಲಿ ಹಿಡಿದು ಆಡುವ ವಾಲ್ವ್ ಯಂತ್ರ ಸ್ಟೀಮ್ ಡೆಕ್ ನಿಂತಿರುವುದೇ ಅದರ ಮೇಲೆ.

ರಿಫಂಡ್ ವಿಷಯದಲ್ಲೂ ಒಳ್ಳೆಯ ಮಾತು ಹೇಳಬಹುದು. ಕೊಂಡು 14 ದಿನ ದಾಟಿರಬಾರದು, 2 ಗಂಟೆಗಿಂತ ಕಡಿಮೆ ಆಡಿರಬೇಕು, ಅಷ್ಟೇ. ಕಾರಣ ಏನು ಬರೆದರೂ ವಾಪಸ್ ಕೊಡುತ್ತಾರೆ. ನನಗೆ ಎರಡು ಸಲ ಬಂದಿದೆ, ಯಾರೂ ವಾದ ಮಾಡಲಿಲ್ಲ. ಆದರೆ ಈ ವ್ಯವಸ್ಥೆ ಬಂದದ್ದು 2015ರಲ್ಲಿ, ಅಂದರೆ ಅಂಗಡಿ ತೆರೆದು ಸುಮಾರು 12 ವರ್ಷ ಆದ ಮೇಲೆ. ಅದಕ್ಕೂ ಮುಂಚೆ 2014ರಲ್ಲೇ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಇವರ ಮೇಲೆ ಕೇಸ್ ಹಾಕಿತ್ತು. 2016ರಲ್ಲಿ ಅಲ್ಲಿನ ಕೋರ್ಟ್ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಡಿಜಿಟಲ್ ಗೇಮ್ ಆದರೂ ಕೊಂಡವರಿಗೆ ಕಾನೂನಿನ ಹಕ್ಕು ಇದೆ ಅಂತ ಒಂದು ಕೋರ್ಟ್ ಬಾಯಿಬಿಟ್ಟು ಹೇಳಿದ್ದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಈಗ ನನ್ನ ಪರೀಕ್ಷೆಗೆ ಬರೋಣ. ಸ್ಟೀಮ್‌ಗೆ ಆಫ್‌ಲೈನ್ ಮೋಡ್ ಇದೆ, ಆ ನಾಲ್ಕು ದಿನ ಅದು ಕೈ ಕೊಡಲಿಲ್ಲ, ನಾನು ತೆರೆದ ಬಹುಪಾಲು ಗೇಮ್ ಓಡಿದವು. ಆದರೆ ಒಂದು ಷರತ್ತಿದೆ. ಆ ಕಂಪ್ಯೂಟರಿನಲ್ಲಿ ಮೊದಲೇ ಲಾಗಿನ್ ಆಗಿರಬೇಕು, ಗೇಮ್ ಪೂರ್ತಿ ಅಪ್‌ಡೇಟ್ ಆಗಿರಬೇಕು, ಒಂದು ಸಲ ತೆರೆದು ನೋಡಿರಬೇಕು. ಹೊಸ ಕಂಪ್ಯೂಟರಿಗೆ ಹಾಕಿ ನೇರವಾಗಿ ಆಡುತ್ತೇನೆ ಅಂದರೆ ಆಗುವುದಿಲ್ಲ. ಹಳೇ ಲ್ಯಾಪ್‌ಟಾಪ್‌ಗೆ ಫೋಲ್ಡರ್ ಹಾಕಿದಾಗ ಮಾತ್ರ ಒಂದು ವಿಷಯ ನೋಡಿ ಖುಷಿಯಾಯಿತು. ಕೆಲವು ಗೇಮ್‌ಗಳು ಸ್ಟೀಮ್ ಇಲ್ಲದೆಯೂ ಸುಮ್ನೆ ತೆರೆದುಕೊಂಡವು. ಗೇಮನ್ನು ನಕಲು ಮಾಡಿ ಬೇರೆ ಕಡೆ ಓಡಿಸದ ಹಾಗೆ ತಡೆಯಲು (ಡಿಆರ್‌ಎಂ ಅನ್ನುತ್ತಾರೆ) ಸ್ಟೀಮ್ ಒಂದು ಬೀಗ ಕೊಡುತ್ತದೆ, ಹಾಕುವುದು ಬಿಡುವುದು ಗೇಮ್ ಮಾಡಿದವರ ಇಷ್ಟ. ಆ ಬೀಗ ಒಂದರಿಂದಲೇ ಪೈರಸಿ ನಿಲ್ಲುವುದಿಲ್ಲ ಅಂತ ವಾಲ್ವ್ ತನ್ನ ಡೆವಲಪರ್‌ಗಳಿಗೆ ಬರೆದ ಕೈಪಿಡಿಯಲ್ಲೇ ಹೇಳಿಕೊಂಡಿದೆ. ನನ್ನ ತಕರಾರು ಏನೆಂದರೆ, ಯಾವ ಗೇಮ್‌ಗೆ ಈ ಬೀಗ ಇದೆ, ಯಾವುದಕ್ಕೆ ಇಲ್ಲ ಅನ್ನುವುದು ಅಂಗಡಿಯ ಪುಟದಲ್ಲಿ ಎಲ್ಲೂ ಇಲ್ಲ. ಕೊಂಡು, ಫೋಲ್ಡರ್ ಎತ್ತಿ, ಬೇರೆ ಕಡೆ ಓಡಿಸಿ ನೋಡಿಯೇ ತಿಳಿಯಬೇಕು. ಒಂದು ಸಾಲು ಬರೆಯಲು ಏನು ಕಷ್ಟ?

2024ರ ಅಕ್ಟೋಬರಿನಲ್ಲಿ ಅವರು ಇನ್ನೊಂದು ಸಾಲನ್ನಂತೂ ಬರೆದರು. ದುಡ್ಡು ಕಟ್ಟುವ ಮುಂಚೆ ಕಾರ್ಟ್ ಪುಟದಲ್ಲಿ ಈಗ ಕಾಣುತ್ತದೆ: ಡಿಜಿಟಲ್ ಸಾಮಾನು ಕೊಂಡರೆ ನಿಮಗೆ ಸಿಗುವುದು ಸ್ಟೀಮ್‌ನಲ್ಲಿ ಬಳಸುವ ಲೈಸೆನ್ಸ್. ಆ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನಿಗೆ ಸಹಿ ಬಿದ್ದಿತ್ತು. ಕೊಡುತ್ತಿರುವುದು ಬರೀ ಲೈಸೆನ್ಸ್ ಆಗಿದ್ದರೆ ಕೊಳ್ಳಿ ಅನ್ನುವ ಪದವನ್ನು ಸುಮ್ಮನೆ ಬಳಸಬೇಡಿ, ಬಿಡಿಸಿ ಹೇಳಿ ಅನ್ನುವ ಕಾನೂನು ಅದು. 2025ರ ಜನವರಿ 1ರಿಂದ ಜಾರಿಗೆ ಬಂತು. ವಿಷಯ ಹೊಸದಲ್ಲ, 2003ರಿಂದಲೂ ನಾವು ಪಡೆಯುತ್ತಿದ್ದದ್ದು ಲೈಸೆನ್ಸೇ. ಆದರೆ ಆ ಸಾಲನ್ನು ಮೊದಲ ಸಲ ಓದಿದಾಗ ನನಗೆ ನಿಜವಾಗಿ ಬೇಜಾರಾಯಿತು. ಹತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಸೇರಿಸಿದ ಗೇಮ್‌ಗಳು ಅವು. ಅಕೌಂಟನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಡಲೂ ಆಗುವುದಿಲ್ಲ, ನಿಯಮದಲ್ಲೇ ಇಲ್ಲ. ನನ್ನ ಪುಸ್ತಕದ ಕಪಾಟು ನಾಳೆ ತಮ್ಮನದಾಗಬಹುದು, ಸ್ಟೀಮ್ ಲೈಬ್ರರಿ ಆಗುವುದಿಲ್ಲ. ಇನ್ನೊಂದು ವಿಷಯ. 2024ರ ಜನವರಿಯಿಂದ ಸ್ಟೀಮ್ ವಿಂಡೋಸ್ 7ಕ್ಕೆ ಬೆಂಬಲ ನಿಲ್ಲಿಸಿದೆ. ಆ ಕಾಲಕ್ಕೆ ಮಾಡಿದ ಗೇಮ್ ಅದೇ ಕಾಲದ ಕಂಪ್ಯೂಟರಿನಲ್ಲೇ ಚೆನ್ನಾಗಿ ಓಡುತ್ತದೆ, ಆದರೆ ಅದನ್ನು ತೆರೆಯಬೇಕಾದ ಅಂಗಡಿ ಅಲ್ಲಿ ಓಡುವ ಭರವಸೆ ಇಲ್ಲ.

ಕೊಳ್ಳುವ ಸುಖಕ್ಕೆ ಸ್ಟೀಮ್‌ಗೆ ಐದಕ್ಕೆ ಐದು ಕೊಡುತ್ತೇನೆ. ಉಳಿಯುವ ಖಾತ್ರಿಗೆ ಎರಡೂವರೆ.

ಸ್ಟೀಮ್‌ನ ಸ್ವಂತ ಬೀಗಕ್ಕಿಂತ ನನಗೆ ಚಿಂತೆ ಅದರ ಮೇಲೆ ಕಂಪನಿಗಳು ಹಾಕುವ ಎರಡನೇ ಬೀಗದ್ದು. ಹೆಸರು ಕೇಳಿರುತ್ತೀರಿ, ಡೆನುವೋ. ಆಸ್ಟ್ರಿಯಾದಲ್ಲಿ ಹುಟ್ಟಿದ ಕಂಪನಿ, 2014ರಲ್ಲಿ ಗೇಮ್‌ಗಳಲ್ಲಿ ಕಾಣಿಸಿಕೊಂಡಿತು, 2018ರಲ್ಲಿ ಇರ್ಡೆಟೊ ಅನ್ನುವ ಇನ್ನೊಂದು ಕಂಪನಿ ಅದನ್ನು ಕೊಂಡುಕೊಂಡಿತು. ಅದು ಕೆಲಸ ಮಾಡುವ ರೀತಿ ಸುಮಾರಾಗಿ ಹೀಗೆ. ಗೇಮ್ ಮೊದಲ ಸಲ ತೆರೆದಾಗ ನಿಮ್ಮ ಕಂಪ್ಯೂಟರಿನ ಗುರುತುಗಳನ್ನು ಸೇರಿಸಿ ಸರ್ವರಿಗೆ ಕಳಿಸುತ್ತದೆ, ಸರ್ವರ್ ಈ ಯಂತ್ರಕ್ಕೆ ಮಾತ್ರ ಅಂತ ಒಂದು ಚೀಟಿ ಕೊಡುತ್ತದೆ. ಗೇಮ್‌ನ ಕೆಲವು ಭಾಗದ ಕೋಡ್ ಆ ಚೀಟಿ ಇಲ್ಲದೆ ಸರಿಯಾಗಿ ನಡೆಯದ ಹಾಗೆ ತಿರುಚಿ ಇಟ್ಟಿರುತ್ತಾರೆ, ಅದನ್ನು ಬಿಡಿಸುವ ಕೆಲಸ ಆಡುತ್ತಿರುವಾಗಲೂ ಒಳಗೊಳಗೆ ನಡೆಯುತ್ತಲೇ ಇರುತ್ತದೆ. ಕ್ರ್ಯಾಕ್ ಅನ್ನು, ಅಂದರೆ ಬೀಗ ಮುರಿಯುವುದನ್ನು, ಶಾಶ್ವತವಾಗಿ ತಡೆಯುವುದು ಇದರ ಗುರಿಯಲ್ಲ. ಗೇಮ್ ಬಿಡುಗಡೆಯಾದ ಮೊದಲ ಕೆಲವು ವಾರ, ಅಂದರೆ ಜಾಸ್ತಿ ಮಾರಾಟ ಆಗುವ ಹೊತ್ತು, ಅಲ್ಲಿಯವರೆಗೆ ಬಾಗಿಲು ಗಟ್ಟಿಯಾಗಿದ್ದರೆ ಸಾಕು ಅಂತ ಲೆಕ್ಕ.

ಆ ಲೆಕ್ಕ ನನಗೆ ಅರ್ಥವಾಗುತ್ತದೆ. ಗೇಮ್ ಮಾಡುವವರ ಕಷ್ಟ ಸಣ್ಣದಲ್ಲ. 2013ರಲ್ಲಿ ಗೇಮ್ ಡೆವ್ ಟೈಕೂನ್ ಅನ್ನುವ, ನಾವೇ ಒಂದು ಗೇಮ್ ಕಂಪನಿ ನಡೆಸುವ ಸಣ್ಣ ಗೇಮ್ ಬಂತು, ಯಾವ ಬೀಗವೂ ಇಲ್ಲದೆ. ಮಾಡಿದವರೇ ಅದರ ಒಂದು ಕಳ್ಳ ಪ್ರತಿಯನ್ನು ಜನ ಫೈಲ್ ಹಂಚಿಕೊಳ್ಳುವ ಟೊರೆಂಟ್‌ಗೆ ಬಿಟ್ಟು ನೋಡಿದರು. ಆ ಪ್ರತಿಯಲ್ಲಿ ಆಡುವವರ ಕಂಪನಿ ಪೈರಸಿಯಿಂದಲೇ ದಿವಾಳಿಯಾಗುವ ಹಾಗೆ ಮಾಡಿದ್ದರು. ಮೊದಲ ದಿನ ಆಡಿದವರಲ್ಲಿ ಶೇಕಡಾ 93ಕ್ಕಿಂತ ಜಾಸ್ತಿ ಜನ ಕಳ್ಳ ಪ್ರತಿಯಲ್ಲಿದ್ದರು ಅಂತ ಅವರೇ ಲೆಕ್ಕ ಹೊರಗಿಟ್ಟರು. ಇದನ್ನು ಓದಿದ ಮೇಲೆ ಬೀಗವೇ ಬೇಡ ಅಂತ ಯಾರಿಗಾದರೂ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ನಾನು ಕ್ರ್ಯಾಕ್ ಬಳಸುವುದಿಲ್ಲ, ಬಳಸಿ ಅಂತ ಹೇಳುವುದೂ ಇಲ್ಲ.

ಆದರೆ ಬೀಗದ ಭಾರ ಹೊರುವವರು ಯಾರು? ಬೀಗ ಮುರಿದವನನ್ನು ಆ ಬೀಗ ತಡೆಯುವುದೇ ಇಲ್ಲ. ಅದನ್ನು ಹೊತ್ತುಕೊಂಡು ಆಡುವವರು ದುಡ್ಡು ಕೊಟ್ಟ ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಅದೇ. 2021ರಲ್ಲಿ ರೆಸಿಡೆಂಟ್ ಈವಿಲ್ ವಿಲೇಜ್ ಬಂದಾಗ ಪಿಸಿಯಲ್ಲಿ ಆಡುವವರು ಆಟ ಮಧ್ಯೆ ಮಧ್ಯೆ ತಡವರಿಸುತ್ತದೆ ಅಂತ ದೂರಿದರು. ಆಮೇಲೆ ಕ್ರ್ಯಾಕ್ ಆದ ಪ್ರತಿಯನ್ನು ಪಕ್ಕದಲ್ಲಿಟ್ಟು, ಗೇಮ್‌ಗಳು ಎಷ್ಟು ಚೆನ್ನಾಗಿ ಓಡುತ್ತವೆ ಅಂತ ಅಳೆಯುವ ಡಿಜಿಟಲ್ ಫೌಂಡ್ರಿಯವರು ಪರೀಕ್ಷಿಸಿದಾಗ ಅದೇ ಹೆಚ್ಚು ನುಣುಪಾಗಿ ಓಡಿತು. ಆ ಗೇಮ್ ಮಾಡಿದ ಕ್ಯಾಪ್ಕಾಮ್ ಜುಲೈನಲ್ಲಿ ಪ್ಯಾಚ್, ಅಂದರೆ ತಿದ್ದುಪಡಿ, ಬಿಟ್ಟಿತು, ಪೈರಸಿ ತಡೆಯುವ ಕೋಡನ್ನು ಸರಿಪಡಿಸಿದ್ದೇವೆ ಅಂತ ಅದರ ಟಿಪ್ಪಣಿಯಲ್ಲೇ ಇತ್ತು. ಅದೇ ವರ್ಷದ ಕೊನೆಗೆ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳು ಬಂದವು. ಅವುಗಳಲ್ಲಿ ಎರಡು ತರದ ಕೋರ್‌ಗಳಿದ್ದವು. ಕೆಲವು ಗೇಮ್‌ಗಳ ಬೀಗಕ್ಕೆ ಅದು ಒಂದೇ ಕಂಪ್ಯೂಟರ್ ಅಂತ ಗೊತ್ತೇ ಆಗಲಿಲ್ಲ. ಎರಡು ಬೇರೆ ಯಂತ್ರ ಅಂದುಕೊಂಡು ಗೇಮ್ ನಿಲ್ಲಿಸಿಬಿಟ್ಟಿತು. ಹೊಸ ಪ್ರೊಸೆಸರ್ ಕೊಂಡದ್ದು ಬಿಟ್ಟು ಆ ಜನ ಮಾಡಿದ ತಪ್ಪಾದರೂ ಏನು? ಲಿನಕ್ಸ್‌ನವರಿಗೆ ಇನ್ನೊಂದು ತೊಂದರೆ. ಪ್ರೋಟಾನ್‌ನ ಬೇರೆ ಬೇರೆ ಆವೃತ್ತಿ ಹಾಕಿ ಯಾವುದು ಚೆನ್ನಾಗಿ ಓಡುತ್ತದೆ ಅಂತ ನೋಡುವುದು ಅಲ್ಲಿ ಮಾಮೂಲು, ಆದರೆ ಒಂದೊಂದು ಆವೃತ್ತಿಯನ್ನೂ ಬೀಗ ಹೊಸ ಕಂಪ್ಯೂಟರ್ ಅಂತ ಎಣಿಸಬಹುದು. ದಿನಕ್ಕೆ ಇಷ್ಟೇ ಯಂತ್ರ ಅಂತ ಮಿತಿ ಇರುವುದರಿಂದ ಅದು ಮುಗಿದರೆ ಮಾರನೇ ದಿನದವರೆಗೆ ಕಾಯಬೇಕು.

ಒಂದು ಒಳ್ಳೆಯ ವಿಷಯ ಹೇಳಬೇಕು. ಹೊರಗಿನ ಬೀಗ ಇದ್ದರೆ ಸ್ಟೀಮ್ ಪುಟದ ಬಲಗಡೆ ಒಂದು ಸಣ್ಣ ಡಬ್ಬಿಯಲ್ಲಿ ಬರೆದಿರುತ್ತದೆ, ಎಷ್ಟು ಯಂತ್ರ ಅನ್ನುವುದೂ ಅಲ್ಲೇ ಇರುತ್ತದೆ. ಕೊಳ್ಳುವ ಮುಂಚೆ ಸ್ವಲ್ಪ ಕೆಳಗೆ ಇಳಿದು ಅದನ್ನು ನೋಡಿ, ದಯವಿಟ್ಟು. ಎಷ್ಟೋ ಕಂಪನಿಗಳು ಒಂದೆರಡು ವರ್ಷ ಆದ ಮೇಲೆ ಈ ಬೀಗವನ್ನು ತಾವೇ ತೆಗೆದುಬಿಡುತ್ತವೆ. ನಾನು ಈಗ ಅಲ್ಲಿಯವರೆಗೆ ಕಾಯುತ್ತೇನೆ. ಅಷ್ಟು ಹೊತ್ತಿಗೆ ಬೆಲೆಯೂ ಇಳಿದಿರುತ್ತದೆ, ಗೇಮ್‌ನ ಬಗ್‌ಗಳೂ ಸರಿಹೋಗಿರುತ್ತವೆ.

ಈ ಬೀಗಗಳ ಕತೆ ಹೊಸದೇನಲ್ಲ. 1990ರ ಮಂಕಿ ಐಲ್ಯಾಂಡ್ ಗೇಮ್ ಪೆಟ್ಟಿಗೆಯಲ್ಲಿ ರಟ್ಟಿನ ಚಕ್ರ ಇರುತ್ತಿತ್ತು. ಪರದೆಯ ಮೇಲಿನ ಕಡಲ್ಗಳ್ಳನ ಮುಖಕ್ಕೆ ಚಕ್ರ ತಿರುಗಿಸಿ ಹೊಂದಿಸಿ, ಅಲ್ಲಿ ಬಂದ ವರ್ಷವನ್ನು ಟೈಪ್ ಮಾಡಬೇಕಿತ್ತು. ಚಕ್ರ ನಿಮ್ಮ ಹತ್ತಿರ ಇದ್ದರೆ ಸಾಕು, ಯಾರನ್ನೂ ಕೇಳಬೇಕಿರಲಿಲ್ಲ. 2008ರಲ್ಲಿ ಸ್ಪೋರ್ ಬಂದಾಗ ಪರಿಸ್ಥಿತಿ ಬೇರೆಯಾಗಿತ್ತು, ಅದರ ಸೆಕ್ಯುರಾಮ್ ಬೀಗ ಮೂರೇ ಸಲ ಹಾಕಿಕೊಳ್ಳಲು ಬಿಡುತ್ತಿತ್ತು. ಜನ ಗಲಾಟೆ ಮಾಡಿದ ಮೇಲೆ ಐದಕ್ಕೆ ಏರಿಸಿದರು. ನನ್ನ ಹತ್ತಿರವೂ ಅಂಥದ್ದೊಂದು ಹಳೇ ಡಿಸ್ಕ್ ಇದೆ, ಬೇರೆ ಗೇಮ್‌ನದು. ಮೂರು ಸಲ ವಿಂಡೋಸ್ ಮತ್ತೆ ಹಾಕಿದ್ದಕ್ಕೆ ನನ್ನ ಮಿತಿ ಮುಗಿಯಿತು, ಬರೆದ ಮೇಲ್‌ಗೆ ಉತ್ತರ ಬರಲೇ ಇಲ್ಲ. ಡಿಸ್ಕ್‌ಗೆ ಒಂದು ಗೀರೂ ಇಲ್ಲ. ಮಿತಿ ಮುಗಿಯದಿದ್ದರೂ ಕಷ್ಟವೇ ಇತ್ತು, ಯಾಕೆಂದರೆ 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಸೇಫ್‌ಡಿಸ್ಕ್ ತರದ ಹಳೇ ಡಿಸ್ಕ್ ಬೀಗಗಳನ್ನು ಕೈಬಿಟ್ಟಿತು. ಅವು ಸಿಸ್ಟಮ್‌ನ ಆಳಕ್ಕೆ ಇಳಿದು ಕೆಲಸ ಮಾಡುತ್ತಿದ್ದವು, ಅಲ್ಲಿಂದ ಭದ್ರತೆಗೆ ಅಪಾಯ ಇತ್ತು. ನಿರ್ಧಾರ ಸರಿಯೇ. ಆದರೆ ಆ ಬೀಗ ಹಾಕಿದ ಸಾವಿರಾರು ಮನೆಗಳ ಡಿಸ್ಕ್‌ಗಳು ಒಂದೇ ಅಪ್‌ಡೇಟ್‌ಗೆ ತೆರೆಯದಂತಾದವು.

ಆ ಡಿಸ್ಕ್‌ನ ಗೇಮನ್ನು ನಾನು ಮತ್ತೆ ಆಡಿದ್ದು ಗಾಗ್‌ನಲ್ಲಿ.

ಗಾಗ್ ಬಗ್ಗೆ ಬರೆಯುವಾಗ ನನಗೆ ಸ್ವಲ್ಪ ಪ್ರೀತಿ ಜಾಸ್ತಿಯೇ ಆಗುತ್ತದೆ. 2008ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಶುರು ಮಾಡಿದ ಅಂಗಡಿ ಇದು, ಆಗ ಹೆಸರು ಗುಡ್ ಓಲ್ಡ್ ಗೇಮ್ಸ್. ಹಳೇ ಗೇಮ್‌ಗಳನ್ನು ಹುಡುಕಿ, ಹಕ್ಕು ಪಡೆದು, ಇವತ್ತಿನ ಕಂಪ್ಯೂಟರಿನಲ್ಲಿ ಓಡುವ ಹಾಗೆ ಮಾಡಿ, ಬೀಗ ತೆಗೆದು ಮಾರುವುದು ಅವರ ಕೆಲಸ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಗೇಮ್ ಆದರೆ, ಅದನ್ನು ಇವತ್ತಿನ ಕಂಪ್ಯೂಟರಿನಲ್ಲಿ ಓಡಿಸುವ ಡಾಸ್‌ಬಾಕ್ಸ್ ಜೊತೆಗೇ ಕಟ್ಟಿ ಕೊಡುತ್ತಾರೆ, ನಾವು ಏನನ್ನೂ ಸೆಟ್ ಮಾಡಬೇಕಿಲ್ಲ. ಎಷ್ಟೋ ಗೇಮ್‌ಗಳ ಜೊತೆ ಆಗಿನ ಕೈಪಿಡಿಯ ಪಿಡಿಎಫ್, ನಕ್ಷೆ, ಹಾಡುಗಳೂ ಬರುತ್ತವೆ. ಕೈಪಿಡಿ ಬರೀ ಅಲಂಕಾರಕ್ಕಲ್ಲ, ಕೆಲವು ಹಳೇ ಗೇಮ್‌ಗಳು ಇಂಥ ಪುಟದ ಇಂಥ ಪದ ಏನು ಅಂತ ಕೇಳುತ್ತಿದ್ದವು.

ಹೊಸ ಗೇಮ್‌ಗಳೂ ಇವೆ. ವಿಚರ್ 3 ಗಾಗ್‌ಗೆ 2015ರಲ್ಲಿ ಬಿಡುಗಡೆಯ ದಿನವೇ ಬೀಗವಿಲ್ಲದೆ ಬಂತು, 2020ರಲ್ಲಿ ಸೈಬರ್‌ಪಂಕ್ 2077 ಕೂಡ. 2023ರ ಬಾಲ್ಡರ್ಸ್ ಗೇಟ್ 3 ಅಷ್ಟು ದೊಡ್ಡ ಗೇಮ್, ಅದೂ ಇಲ್ಲಿ ಬೀಗವಿಲ್ಲದೆ ಸಿಗುತ್ತದೆ. ಈ ಮೂರೂ ಎಷ್ಟು ಚೆನ್ನಾಗಿ ಮಾರಾಟವಾದವು ಅಂತ ಎಲ್ಲರಿಗೂ ಗೊತ್ತು. ಬೀಗ ಇಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ ಅನ್ನುವವರ ಮುಂದೆ ನಾನು ಇಡುವುದು ಇವನ್ನೇ.

ಇಲ್ಲಿ ನನಗೆ ಅತಿ ಇಷ್ಟವಾದದ್ದು ಆಫ್‌ಲೈನ್ ಇನ್‌ಸ್ಟಾಲರ್. ಅವರ ಗ್ಯಾಲಕ್ಸಿ ಲಾಂಚರ್ ಇದೆ, ಬೇಕಾದರೆ ಬಳಸಿ. ಬೇಡವಾದರೆ ಬ್ರೌಸರಿನಲ್ಲೇ ಲಾಗಿನ್ ಆಗಿ ಲೈಬ್ರರಿಗೆ ಹೋಗಿ, ಗೇಮ್ ಮೇಲೆ ಒತ್ತಿ, ಬ್ಯಾಕಪ್ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ದೊಡ್ಡ ಗೇಮ್ ಆದರೆ ಹಲವು ತುಂಡುಗಳಾಗಿ ಬರುತ್ತದೆ, ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಡಬೇಕು, ಒಂದು ತುಂಡು ಬಿಟ್ಟುಹೋದರೂ ಹಾಕುವಾಗ ಅರ್ಧಕ್ಕೆ ನಿಲ್ಲುತ್ತದೆ. ನಾನು ಒಂದು ಬೇರೆ ಹಾರ್ಡ್ ಡಿಸ್ಕ್ ಇದಕ್ಕೇ ಇಟ್ಟಿದ್ದೇನೆ. ಆ ನಾಲ್ಕು ದಿನಗಳಲ್ಲಿ ಅದರಿಂದ ಮೂರು ಗೇಮ್ ತೆಗೆದು ಹಳೇ ಲ್ಯಾಪ್‌ಟಾಪ್‌ಗೆ ಹಾಕಿದೆ. ನೆಟ್ ಇಲ್ಲ, ಅಕೌಂಟ್ ಇಲ್ಲ, ಪಾಸ್‌ವರ್ಡ್ ಇಲ್ಲ. ಮೂರೂ ಓಡಿದವು. ಕಾನೂನಿನ ಭಾಷೆಯಲ್ಲಿ ಇದೂ ಲೈಸೆನ್ಸೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಫೈಲ್ ನನ್ನ ಡಿಸ್ಕ್‌ನಲ್ಲಿದೆ, ಓಡಲು ಯಾರ ಅಪ್ಪಣೆಯೂ ಬೇಕಿಲ್ಲ, ಹಾಗಾಗಿ ಅಂಗಡಿ ಇರಲಿ ಬಿಡಲಿ ಅದು ಓಡುತ್ತದೆ.

ರಿಫಂಡ್ ಕೂಡ ಧಾರಾಳ. ತೊಂದರೆ ಇದ್ದರೆ 30 ದಿನದವರೆಗೆ ಕೇಳಬಹುದು, ಗೇಮ್ ಇಳಿಸಿ ಆಡಿದ್ದರೂ ಸರಿ. ಬೀಗವಿಲ್ಲದ ಗೇಮ್‌ಗೆ ಇಂಥ ನಿಯಮ ಅಂದರೆ ಕೊಳ್ಳುವವರ ಮೇಲೆ ಇಟ್ಟ ನಂಬಿಕೆ ದೊಡ್ಡದು, ಅದನ್ನು ದುರುಪಯೋಗ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. 2024ರ ನವೆಂಬರಿನಲ್ಲಿ ಗೇಮ್ ಉಳಿಸುವ ಕಾರ್ಯಕ್ರಮ ಅಂತ 100 ಗೇಮ್‌ಗಳೊಂದಿಗೆ ಶುರು ಮಾಡಿದರು. ಆ ಪಟ್ಟಿಯಲ್ಲಿರುವವನ್ನು ಮುಂದೆ ಬರುವ ಸಿಸ್ಟಮ್‌ಗಳಲ್ಲೂ ಓಡುವ ಹಾಗೆ ತಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಇದು ಯಾಕೆ ಬೇಕು ಅಂತ ಕೇಳಿದರೆ, ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನ ನೋಡಿ. 2010ಕ್ಕಿಂತ ಮುಂಚೆ ಅಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇಕಡಾ 87ರಷ್ಟು ಈಗ ಮಾರಾಟಕ್ಕೇ ಇಲ್ಲ. ದುಡ್ಡು ಹಿಡಿದು ನಿಂತರೂ ಕೊಡುವವರಿಲ್ಲ.

ಕೊರತೆಗಳೂ ಇವೆ. ದೊಡ್ಡ ಕಂಪನಿಗಳ ಹೊಸ ಗೇಮ್ ಇಲ್ಲಿ ಬರುವುದು ತಡ, ಎಷ್ಟೋ ಬರುವುದೇ ಇಲ್ಲ. ಕೆಲವು ಡೆವಲಪರ್‌ಗಳು ಸ್ಟೀಮ್‌ಗೆ ಪ್ಯಾಚ್ ಹಾಕಿ ಇಲ್ಲಿಗೆ ವಾರಗಟ್ಟಲೆ ಹಾಕುವುದಿಲ್ಲ, ಅದು ನೋಡಿದರೆ ಸಿಟ್ಟು ಬರುತ್ತದೆ. ಲಿನಕ್ಸ್‌ಗೆ ಗ್ಯಾಲಕ್ಸಿ ಕೊಟ್ಟಿಲ್ಲ, ಬೇರೆಯವರು ಮಾಡಿದ ಹೀರೋಯಿಕ್ ಲಾಂಚರ್ ಹಾಕಿಕೊಳ್ಳಬೇಕು. 2021ರಲ್ಲಿ ಒಂದು ಹಿಟ್‌ಮ್ಯಾನ್ ಗೇಮ್ ಮಾರಾಟಕ್ಕೆ ಇಟ್ಟಾಗ ಅದರ ಬಹಳಷ್ಟು ಭಾಗಕ್ಕೆ ನೆಟ್ ಬೇಕು ಅಂತ ಜನ ಕಂಡುಹಿಡಿದು ಜಗಳವಾಡಿದರು, ಕೊನೆಗೆ ಗಾಗ್ ಅದನ್ನು ಅಂಗಡಿಯಿಂದ ತೆಗೆಯಿತು. ಕೊಂಡವರ ಮಾತು ಕೇಳಿದರು, ಸರಿ, ಆದರೆ ಒಳಗೆ ಬಿಟ್ಟುಕೊಂಡದ್ದೇ ತಪ್ಪು. ನನ್ನ ಅಂಕ ನಾಲ್ಕೂವರೆ.

ಎಪಿಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2018ರ ಡಿಸೆಂಬರಿನಲ್ಲಿ ಬಂತು. ಡೆವಲಪರ್‌ಗಳಿಂದ ಶೇಕಡಾ 12 ಮಾತ್ರ ತೆಗೆದುಕೊಳ್ಳುತ್ತೇನೆ ಅಂತ ಬಂತು. ಸ್ಟೀಮ್ ಸಾಮಾನ್ಯವಾಗಿ ಹಿಡಿಯುವ ಶೇಕಡಾ 30ರ ಮುಂದೆ ಅದು ಗೇಮ್ ಮಾಡುವವರಿಗೆ ನಿಜಕ್ಕೂ ದೊಡ್ಡ ವ್ಯತ್ಯಾಸ, ಅದಕ್ಕೆ ಮೆಚ್ಚಬೇಕು. ವಾರ ವಾರ ಉಚಿತ ಗೇಮ್ ಕೊಡುತ್ತಾರೆ, ನನ್ನ ಲೈಬ್ರರಿಯ ಅರ್ಧ ಅದೇ. ಆದರೆ ಕೆಲವು ಗೇಮ್‌ಗಳನ್ನು ಒಂದು ವರ್ಷ ತಮ್ಮಲ್ಲೇ ಕಟ್ಟಿಹಾಕಿಕೊಂಡದ್ದು ನನಗೆ ಹಿಡಿಸಲಿಲ್ಲ, ಒಂದು ಶಾಪಿಂಗ್ ಕಾರ್ಟ್ ಕೊಡಲು 2021ರ ಡಿಸೆಂಬರ್‌ವರೆಗೆ ಕಾಯಿಸಿದ್ದು ಇನ್ನೂ ಹಿಡಿಸಲಿಲ್ಲ. ಬೀಗದ ವಿಷಯ ಇಲ್ಲೂ ಡೆವಲಪರ್‌ಗೆ ಬಿಟ್ಟದ್ದು. ನಾನು ಲ್ಯಾಪ್‌ಟಾಪ್‌ಗೆ ಹಾಕಿದ ನಾಲ್ಕರಲ್ಲಿ ಎರಡು ಲಾಂಚರ್ ಇಲ್ಲದೆ ಓಡಿದವು. ಮೂರು ಅಂಕ.

ಇಚ್ ಬೇರೆಯದೇ ಲೋಕ. 2013ರಲ್ಲಿ ಶುರುವಾಯಿತು, ಒಬ್ಬಿಬ್ಬರೇ ಕೂತು ಮಾಡಿದ ಸಣ್ಣ ಗೇಮ್‌ಗಳೇ ಇಲ್ಲಿ ಜಾಸ್ತಿ. ಅಂಗಡಿಗೆ ಎಷ್ಟು ಪಾಲು ಕೊಡಬೇಕು ಅಂತ ಮಾರುವವರೇ ನಿರ್ಧರಿಸುತ್ತಾರೆ, ಸೊನ್ನೆ ಅಂತ ಇಟ್ಟರೂ ನಡೆಯುತ್ತದೆ. ಇಳಿಸಿದರೆ ಬರುವುದು ಸಾಮಾನ್ಯವಾಗಿ ಒಂದು ಜಿಪ್ ಫೈಲ್, ಬಿಚ್ಚಿ ಆಡುವುದು ಅಷ್ಟೇ. ನನ್ನ ಪರೀಕ್ಷೆಯಲ್ಲಿ ತೆಗೆದುಕೊಂಡ ಎಲ್ಲವೂ ಓಡಿದವು. ಹುಡುಕುವುದು ಮಾತ್ರ ಕಷ್ಟ, ಒಳ್ಳೆಯದು ಸಿಗಬೇಕಾದರೆ ತುಂಬಾ ಹೊತ್ತು ತಡಕಾಡಬೇಕು. ಹುಡುಕುವ ತಾಳ್ಮೆ ಇದ್ದವರಿಗೆ ಇಲ್ಲಿ ಬೇರೆಲ್ಲೂ ಸಿಗದ ಗೇಮ್‌ಗಳು ಸಿಗುತ್ತವೆ.

ಬೀಗ, ಉಳಿಯುವುದು ಅಂತ ಯಾಕೆ ಇಷ್ಟು ಮಾತಾಡುತ್ತೀಯಾ, ಯಾವ ಗೇಮ್ ಯಾರ ಕೈಯಿಂದ ಹೋಗಿದೆ ಅಂತ ಗೆಳತಿಯೊಬ್ಬಳು ಕೇಳಿದಳು. ಹೋಗಿದೆ. 2013ರಲ್ಲಿ ಆರ್ಡರ್ ಆಫ್ ವಾರ್: ಚಾಲೆಂಜ್ ಅನ್ನುವ ಗೇಮ್ ಸ್ಟೀಮ್‌ನಲ್ಲಿ ಕೊಂಡವರ ಲೈಬ್ರರಿಯಿಂದಲೇ ಹೊರಟುಹೋಯಿತು. ಅದು ಹೆಚ್ಚು ಜನ ಆಡದ ಗೇಮ್, ಸದ್ದಾಗಲಿಲ್ಲ. ಸದ್ದಾದದ್ದು ದಿ ಕ್ರೂ ವಿಷಯದಲ್ಲಿ. ಯೂಬಿಸಾಫ್ಟ್‌ನ ಕಾರ್ ಓಡಿಸುವ ಗೇಮ್, 2014ರಲ್ಲಿ ಬಂದದ್ದು. ಒಬ್ಬರೇ ಆಡಿದರೂ ಅದಕ್ಕೆ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು, ಅಂಗಡಿಯಿಂದ ಡಿಸ್ಕ್ ತಂದವರ ಗೇಮ್ ಕೂಡ ನಿಂತಿತು. ಆಮೇಲೆ ಅಕೌಂಟ್‌ಗಳಲ್ಲಿದ್ದ ಲೈಸೆನ್ಸ್‌ಗಳನ್ನೂ ವಾಪಸ್ ತೆಗೆದುಕೊಂಡರು.

ಅದನ್ನು ನೋಡಿ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ 2024ರ ಏಪ್ರಿಲ್‌ನಲ್ಲಿ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಚಳವಳಿ ಶುರು ಮಾಡಿದರು. ಅವರ ಬೇಡಿಕೆ ದೊಡ್ಡದೇನಲ್ಲ. ಸರ್ವರನ್ನು ಎಂದೆಂದಿಗೂ ನಡೆಸಿ ಅಂತ ಅವರು ಕೇಳುತ್ತಿಲ್ಲ, ನಿಲ್ಲಿಸುವಾಗ ಗೇಮ್ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಅನ್ನುತ್ತಾರೆ ಅಷ್ಟೇ. ಯುರೋಪಿನಲ್ಲಿ ಆ ಮನವಿಗೆ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು. ಆ ಸಂಖ್ಯೆ ದಾಟಿದ ರಾತ್ರಿ ನಾನು ಎದ್ದು ಕೂತು ನೋಡುತ್ತಿದ್ದೆ. ಅಲ್ಲಿ ಸಹಿ ಹಾಕುವ ಹಕ್ಕು ನನಗಿಲ್ಲ, ಆದರೂ ನನ್ನದೇ ಮನೆಯ ಕೆಲಸ ಅನ್ನುವ ಹಾಗೆ ಸಂತೋಷವಾಯಿತು.

ಮಾಡಲು ಆಗದ ಕೆಲಸ ಇದಲ್ಲ. 2013ರ ಸಿಮ್‌ಸಿಟಿ ನೆಟ್ ಇಲ್ಲದೆ ತೆರೆಯುತ್ತಲೇ ಇರಲಿಲ್ಲ, ಬಿಡುಗಡೆಯ ವಾರ ಸರ್ವರ್‌ಗಳು ಕುಸಿದು ಕೊಂಡವರು ಸರದಿಯಲ್ಲಿ ಕಾದರು. ಮುಂದಿನ ವರ್ಷ ಅದಕ್ಕೇ ಆಫ್‌ಲೈನ್ ಮೋಡ್ ಬಂತು. ದಿ ಕ್ರೂ ಗಲಾಟೆಯಾದ ಮೇಲೆ ಯೂಬಿಸಾಫ್ಟ್ ಕೂಡ ಅದರ ಮುಂದಿನ ಭಾಗಗಳಿಗೆ ಆಫ್‌ಲೈನ್ ವ್ಯವಸ್ಥೆ ಕೊಡುತ್ತೇವೆ ಅಂತ 2024ರಲ್ಲಿ ಮಾತು ಕೊಟ್ಟಿತು.

ಈಗ ನಾನು ಕೊಳ್ಳುವ ರೀತಿ ಬದಲಾಗಿದೆ. ಗೇಮ್ ಇಷ್ಟವಾದರೆ ಮೊದಲು ಗಾಗ್ ಮತ್ತು ಇಚ್‌ನಲ್ಲಿ ಹುಡುಕುತ್ತೇನೆ. ಅಲ್ಲಿ ಇಲ್ಲದಿದ್ದರೆ ಸ್ಟೀಮ್. ಹೊರಗಿನ ಬೀಗ ಇದ್ದರೆ ವಿಶ್‌ಲಿಸ್ಟ್‌ಗೆ ಹಾಕಿ ಬಿಟ್ಟುಬಿಡುತ್ತೇನೆ. ಗೆಳೆಯರ ಜೊತೆ ಆನ್‌ಲೈನ್ ಆಡುವ ಗೇಮ್ ಆದರೆ ಇದ್ಯಾವುದನ್ನೂ ನೋಡುವುದಿಲ್ಲ, ಅದು ಹೇಗೂ ಸರ್ವರ್ ಇರುವಷ್ಟು ದಿನದ್ದು ಅಂತ ಗೊತ್ತಿದ್ದೇ ದುಡ್ಡು ಕೊಡುತ್ತೇನೆ. ತುಂಬಾ ಪ್ರೀತಿಯ ಎರಡು ಮೂರು ಗೇಮ್‌ಗಳನ್ನು ಸ್ಟೀಮ್‌ನಲ್ಲಿದ್ದರೂ ಗಾಗ್‌ನಲ್ಲಿ ಎರಡನೇ ಸಲ ಕೊಂಡಿದ್ದೇನೆ, ಸೇಲ್ ನೋಡಿಕೊಂಡು. ಅದು ಎಲ್ಲರಿಗೂ ಸಾಧ್ಯವಿಲ್ಲ, ಸಾಧ್ಯವಿರಬೇಕಾಗಿಯೂ ಇಲ್ಲ.

ನೆಟ್ ಬಂದ ದಿನ ತಮ್ಮ ತಾನು ಕೂಡಿಟ್ಟ ದುಡ್ಡಿನಲ್ಲಿ ಮೊದಲ ಗೇಮ್ ಕೊಂಡ. ಯಾವ ಅಂಗಡಿಯಿಂದ ಅಂತ ನಾನು ಹೇಳಲಿಲ್ಲ, ಅವನೇ ನೋಡಿ ಗಾಗ್‌ನಿಂದ ತೆಗೆದುಕೊಂಡ. ಆಡುವ ಮುಂಚೆ ಇನ್‌ಸ್ಟಾಲರನ್ನು ಪೆನ್ ಡ್ರೈವ್‌ಗೆ ಹಾಕಿದ. ಆಮೇಲೆ ರೌಟರಿನ ವೈರ್ ಕಿತ್ತು, ಗೇಮ್ ತೆರೆದು, ಓಡಿತು ಅಂತ ಖಾತ್ರಿ ಮಾಡಿಕೊಂಡು ವೈರ್ ಮತ್ತೆ ಸಿಕ್ಕಿಸಿದ. ಪೆನ್ ಡ್ರೈವ್ ಮೇಲೆ ಗೇಮ್‌ನ ಹೆಸರು, ಕೆಳಗೆ ತನ್ನ ಹೆಸರು ಬರೆದು ನನ್ನ ಹಾರ್ಡ್ ಡಿಸ್ಕ್ ಪಕ್ಕದಲ್ಲೇ ಇಟ್ಟಿದ್ದಾನೆ.